ಮಂಗಳೂರು ನೋಡಿ ಬಂದೆವು

ದಸರಾ ರಜೆಯಲ್ಲಿ ನಾವು ಹನ್ನೊಂದು ಜನ ಟೆಂಪೋ ಮಾಡಿಕೊಂಡು ಅರಸೀಕೆರೆ ಕಡೆಯಿಂದ ಮಂಗಳೂರಿಗೆ ಹೊರಟೆವು. ಇಬ್ಬರು ಮೇಷ್ಟ್ರು, ಆರು ಜನ ಹಾಸ್ಟೆಲ್ ಹುಡುಗರು, ನಮ್ಮ ಕೇರಿಯ ಮೂವರು ಹೆಂಗಸರು. ಶಿರಾಡಿ ಘಾಟಿ ಇಳಿಯುವಾಗ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಪಾಣೆಮಂಗಳೂರು ಸೇತುವೆ ಮೇಲೆ ನೇತ್ರಾವತಿ ಕಂಡ ಕೂಡಲೇ ದೊಡ್ಡವ್ವ, "ಇಷ್ಟೊಂದು ನೀರು ಸುಮ್ನೆ ಹೋಗ್ತೈತಲ್ಲಪ್ಪ. ನಾವು ಒಂದು ಕೊಡಕ್ಕೆ ಕಿತ್ತಾಡ್ತೀವಿ" ಅಂದಳು.

ಡ್ರೈವರನ ಹತ್ತಿರ ಒಂದು ಪಟ್ಟಿ ಇತ್ತು. ಪಣಂಬೂರು ಕಡಲತೀರ, ಕದ್ರಿ ದೇವಸ್ಥಾನ, ಸುಲ್ತಾನ್ ಬತ್ತೇರಿ, ಅಲೋಶಿಯಸ್ ಚಾಪೆಲ್. ಎಲ್ಲವೂ ನೋಡಬೇಕಾದ್ದೇ, ನೋಡಿದೆವು. ಇಟಲಿಯ ಮೊಸ್ಕೇನಿ ಚಾಪೆಲ್ಲಿನ ಗೋಡೆ, ಮಾಡುಗಳ ಮೇಲೆ ಬರೆದ ಚಿತ್ರಗಳನ್ನು ಹುಡುಗರು ಕತ್ತು ನೋಯುವಷ್ಟು ಹೊತ್ತು ನೋಡಿದರು. ಆದರೆ ನಮ್ಮ ಪಟ್ಟಿಯಲ್ಲಿ ಇನ್ನೆರಡು ಜಾಗಗಳಿದ್ದವು.

ಒಂದು ಬಾಬುಗುಡ್ಡೆ. ಅಲ್ಲಿ ಕುದ್ಮುಲ್ ರಂಗರಾಯರ ಸಮಾಧಿ ಇದೆ. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಈ ಸಾರಸ್ವತ ಬ್ರಾಹ್ಮಣ ವಕೀಲರು ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರ ಜಾತಿಯವರೇ ಅವರನ್ನು ಹೊರಗಿಟ್ಟರು. ತೀರಿಕೊಂಡದ್ದು 1928ರಲ್ಲಿ. ತನ್ನ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ದೂಳು ತನ್ನ ತಲೆಗೆ ತಾಗಬೇಕು ಅನ್ನುವುದು ಅವರ ಆಸೆಯಾಗಿತ್ತೆಂದು ಇಲ್ಲಿನ ಜನ ಇಂದಿಗೂ ಹೇಳುತ್ತಾರೆ.

"ಈ ಹೆಸರು ನಾವು ಕೇಳೇ ಇಲ್ವಲ್ಲ ಸಾರ್" ಅಂದ ಒಬ್ಬ ಹುಡುಗ. ಇನ್ನೊಬ್ಬ ಸ್ವಲ್ಪ ಹೊತ್ತು ಬಿಟ್ಟು, "ಸರಿ ಸಾರ್, ಕಾರಲ್ಲಿ ಹೋದೋರು ಆಮೇಲೆ ಕೇರಿ ಕಡೆ ತಿರುಗಿ ನೋಡಿದ್ರಾ?" ಅಂದ. ಮೇಷ್ಟ್ರಿಬ್ಬರೂ ಮಾತಾಡಲಿಲ್ಲ.

ಇನ್ನೊಂದು ಕುದ್ರೋಳಿ. ದಸರೆಯ ದೀಪಗಳಲ್ಲಿ ಗೋಕರ್ಣನಾಥ ದೇವಸ್ಥಾನ ಹೊಳೆಯುತ್ತಿತ್ತು. ಒಂದು ಕಾಲಕ್ಕೆ ಶೇಂದಿ ಇಳಿಸುವ ಬಿಲ್ಲವರನ್ನು ಗುಡಿಗಳ ಒಳಗೆ ಬಿಡುತ್ತಿರಲಿಲ್ಲ. ಅವರು ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿ, 1912ರಲ್ಲಿ ತಮ್ಮದೇ ಶಿವನನ್ನು ಪ್ರತಿಷ್ಠೆ ಮಾಡಿಸಿಕೊಂಡರು. ನಮ್ಮ ದೊಡ್ಡವ್ವ ಬಾಗಿಲ ಹತ್ತಿರ ಬಂದು ನಿಂತುಬಿಟ್ಟಳು. "ನಾನಿಲ್ಲೇ ಇರ್ತೀನಿ, ನೀವ್ ಹೋಗ್ಬನ್ನಿ." ಅರವತ್ತು ವರ್ಷ ಊರಿನ ಗುಡಿಯ ಹೊರಗೇ ನಿಂತ ಕಾಲುಗಳು ಅವು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಕೈ ಹಿಡಿದು, "ಬನ್ನಿಯಮ್ಮ, ಇಲ್ಲಿ ಹಾಗೆಲ್ಲ ಇಲ್ಲ" ಅಂದರು. ದೊಡ್ಡವ್ವ ಒಳಗೆ ಹೋದಳು.

ನಮಗೆ ಸಂತೋಷವಾಯಿತು. ಆದರೆ ಸಂತೋಷಪಟ್ಟು ಸುಮ್ಮನಾಗಲು ಆಗಲಿಲ್ಲ. ಇದೇ ಸೀಮೆಯಲ್ಲಿ ಕೊರಗರಿದ್ದಾರೆ. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಅವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುತ್ತಿದ್ದರು. ಅದನ್ನು ನಿಷೇಧಿಸಿ ಕಾಯ್ದೆ ಬಂದದ್ದು 2000ದಲ್ಲಿ. ಕುದ್ರೋಳಿಯ ಬಾಗಿಲು ತೆರೆದು ಆಗಲೇ 88 ವರ್ಷ ಕಳೆದಿತ್ತು! ಒಬ್ಬರಿಗೆ ಬಾಗಿಲು ತೆರೆದ ಮಾತ್ರಕ್ಕೆ ಹಿಂದಿರುವವರಿಗೂ ತೆರೆಯುತ್ತದೆಯೆ? ಇಲ್ಲ. ಒಳಗೆ ಹೋದವರು ಹಿಂದಿನವರ ಕೈ ಹಿಡಿದು ಎಳೆದುಕೊಳ್ಳಬೇಕು. ಬಾಬುಗುಡ್ಡೆಯಲ್ಲಿ ಆ ಹುಡುಗ ಕೇಳಿದ್ದೂ ಇದನ್ನೇ.

ವಾಪಸು ಬರುವಾಗ ಟೆಂಪೋದಲ್ಲೇ ಒಂದು ತೀರ್ಮಾನ ಮಾಡಿದೆವು. ನಮ್ಮ ಕೇರಿಯಿಂದ ಓದಿ ಕೆಲಸ ಹಿಡಿದವರು ತಿಂಗಳಿಗೆ ಎರಡು ಭಾನುವಾರ ಬಂದು ಮಕ್ಕಳಿಗೆ ಪಾಠ ಹೇಳಬೇಕು. ಮೇಷ್ಟ್ರಿಬ್ಬರೂ ಮೊದಲು ಹೆಸರು ಬರೆಸಿದರು. ಬೆಂಗಳೂರಿನಲ್ಲಿರುವ ಐದು ಜನಕ್ಕೆ ಕಾಗದ ಹಾಕಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ನೀವೂ ಮಕ್ಕಳನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ. ಕಡಲು ತೋರಿಸಿ. ಬಾಬುಗುಡ್ಡೆಯನ್ನೂ ತೋರಿಸಿ, ಅಲ್ಲಿ ಅವರು ಪ್ರಶ್ನೆ ಕೇಳಿದರೆ ಕೇಳಲಿ ಬಿಡಿ.