ನೀಲಿ ಹಿಡಿಯ ಬಿಗುಮಾನ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಸ್ವಲ್ಪ ಬಲಿತ ಮೇಲೆ ಮೇಜಿನ ಮೇಲೆ ಮೂರು ಹಿಡಿಗಳ ಪೆಟ್ಟಿಗೆಯೊಂದು ಬಂದು ಕೂರುತ್ತದೆ. ಕಪ್ಪು ಥ್ರಾಟಲ್, ನೀಲಿ ಪ್ರೊಪೆಲರ್, ಕೆಂಪು ಮಿಕ್ಸ್ಚರ್. ಕಪ್ಪು ಹಿಡಿ ಸರಳ ಜೀವ. ಮುಂದೆ ತಳ್ಳಿದರೆ ಎಂಜಿನ್ ಮೊರೆಯುತ್ತದೆ, ಹಿಂದೆಳೆದರೆ ದನಿ ತಗ್ಗಿಸುತ್ತದೆ. ಕೆಂಪನ್ನು ಪೂರ್ತಿ ಎಳೆದರೆ ಎಂಜಿನ್ನೇ ನಿಲ್ಲುವುದರಿಂದ ಅದಕ್ಕೆ ಮರ್ಯಾದೆ ತಾನಾಗಿ ಸಿಗುತ್ತದೆ. ನೀಲಿಯದೇ ತಕರಾರು. ಸೆಟ್ಟಿಂಗ್ಸಿನಲ್ಲಿ ಅದನ್ನು ಪ್ರೊಪೆಲರ್ ಆಕ್ಸಿಸ್‌ಗೆ ಜೋಡಿಸಿ, ಕಾಕ್‌ಪಿಟ್ಟಿಗೆ ಬಂದು ಆಡಿಸಿದರೆ ಏನೂ ಆಗುವುದಿಲ್ಲ.

ಹೊಸಬರು ಮೊದಲು ಹತ್ತುವುದು ಸಾಮಾನ್ಯವಾಗಿ ಸೆಸ್ನಾ 172. ಅದರ ಪ್ರೊಪೆಲರ್ ಅಲಗುಗಳ ಓರೆ, ಅಂದರೆ ಪಿಚ್, ಕಾರ್ಖಾನೆಯಲ್ಲೇ ಬಿಗಿದದ್ದು. ನೀಲಿ ಗುಂಡಿಯೇ ಅಲ್ಲಿಲ್ಲ. ಅದರ ಅಣ್ಣ 182ರಲ್ಲಿ ಗುಂಡಿ ಇದೆ. ಆದರೂ ನೆಲದ ಮೇಲೆ ನಿಂತು, ಎಂಜಿನ್ ಮೆಲ್ಲಗೆ ಗೊಣಗುತ್ತಿರುವಾಗ ಹಿಡಿ ಎಳೆದರೆ ಆರ್‌ಪಿಎಂ ಮುಳ್ಳು ಕದಲದು. ಇಲ್ಲಿ ತಾಳ್ಮೆ ಕೆಡುತ್ತದೆ. ಯುಎಸ್‌ಬಿ ಕಿತ್ತು ಚುಚ್ಚುವುದೇನು, ಜೋಡಣೆ ಅಳಿಸಿ ಮತ್ತೆ ಮಾಡುವುದೇನು, ಮಾರಿದ ಅಂಗಡಿಯವನಿಗೆ ಶಾಪ ಹಾಕುವುದೇನು!

ಪೆಟ್ಟಿಗೆ ಪಾಪ ನಿರಪರಾಧಿ. ನೀಲಿ ಹಿಡಿ ತಾನೇ ಅಲಗು ತಿರುಗಿಸುವುದಿಲ್ಲ. ‘ಇಷ್ಟು ಸುತ್ತು ಇರಲಿ’ ಎಂದು ಗವರ್ನರಿಗೆ ಹೇಳಿ ಕೈತೊಳೆದುಕೊಳ್ಳುತ್ತದೆ. ಸುತ್ತು ಮೀರಿದರೆ ಗವರ್ನರ್ ಎಂಜಿನ್ ಆಯಿಲ್‌ನ ಒತ್ತಡದಿಂದ ಅಲಗುಗಳ ಓರೆ ಹೆಚ್ಚಿಸಿ ಭಾರ ಹೇರುತ್ತದೆ, ಇಳಿದರೆ ಓರೆ ತಗ್ಗಿಸುತ್ತದೆ. ತಣ್ಣಗಿರುವ ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ಹತ್ತಿಯಿಂದ ರೇಷ್ಮೆಗೆ ತಿರುಗಿಸಿದರೆ ಯಾರಿಗೆ ಗೊತ್ತಾಗುತ್ತದೆ? ಗೊಣಗುವ ಎಂಜಿನ್ನಿನದೂ ಅದೇ ಪಾಡು. ಅಲಗುಗಳು ಆಗಲೇ ಅತಿ ಕಡಿಮೆ ಓರೆಗೆ ತಾಗಿ ನಿಂತಿವೆ, ಕೇಳಿದ ಸುತ್ತು ಇನ್ನೂ ಬಂದೇ ಇಲ್ಲ. ಥ್ರಾಟಲ್ ಏರಿಸಿ 1,800ಕ್ಕೆ ತಂದು, ಆಮೇಲೆ ನೀಲಿಯನ್ನು ಎಳೆಯಿರಿ; ಮುಳ್ಳು ವಿಧೇಯವಾಗಿ ಇಳಿಯುತ್ತದೆ. ನಿಜವಾದ ಪೈಲಟ್‌ಗಳೂ ಹಾರುವ ಮುನ್ನ ಇದನ್ನೇ ಮಾಡುತ್ತಾರೆ, ಬೆಚ್ಚಗಿನ ಆಯಿಲ್ ಹಬ್‌ಗೆ ನುಗ್ಗಲಿ ಎಂದು.

ಈ ಗವರ್ನರ್ ಸಣ್ಣ ಆಸಾಮಿಯಲ್ಲ. 1940ರ ಬೇಸಿಗೆಯಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್‌ಗಳಲ್ಲಿ ಎರಡೇ ಓರೆಯ ಪ್ರೊಪೆಲರ್‌ಗಳಿದ್ದವು. ಡಿ ಹ್ಯಾವಿಲೆಂಡ್ ಕಂಪನಿಯವರು ವಾಯುನೆಲೆಗಳಿಗೇ ಹೋಗಿ, ಯುದ್ಧದ ನಡುವೆಯೇ ಅವಕ್ಕೆ ಗವರ್ನರ್ ಕೂರಿಸಿಕೊಟ್ಟರು.

ಇನ್ನು ಸೆಟ್ಟಿಂಗ್ಸಿನ ಚಿಲ್ಲರೆ ಕೆಲಸ. ಹಿಡಿಯ ದಿಕ್ಕು ತಿರುವುಮುರುವಾಗಿದ್ದರೆ ರಿವರ್ಸ್ ಒತ್ತಬೇಕು, ಇಲ್ಲವಾದರೆ ಹಿಡಿ ಪೂರ್ತಿ ಮುಂದಿದ್ದೂ ವಿಮಾನ ರನ್‌ವೇ ಮೇಲೆ ತೆವಳುತ್ತದೆ. ತುದಿಗಳಲ್ಲಿ ಚೂರು ಡೆಡ್‌ಝೋನ್ ಇರಲಿ. ಸೆನ್ಸಿಟಿವಿಟಿಯ ಗೆರೆಯನ್ನು ಬಗ್ಗಿಸುವ ಚಟ ಕೆಲವರಿಗಿದೆ. ನನ್ನ ಕೇಳಿದರೆ ನೀಲಿಗೆ ನೇರ ಗೆರೆಯೇ ಸರಿ.

ನಿಜವಾದ ಫಜೀತಿ ಎರಡು ಎಂಜಿನ್ನಿನ ಬೀಚ್‌ಕ್ರಾಫ್ಟ್ ಬ್ಯಾರನ್ 58ರಲ್ಲಿ. ಅಲ್ಲಿ ಹಿಡಿಗಳು ಆರು, ನಮ್ಮಲ್ಲಿರುವುದು ಮೂರು. ಎರಡೂ ಪ್ರೊಪೆಲರ್‌ಗಳನ್ನು ಒಂದೇ ನೀಲಿಗೆ ಕಟ್ಟಿದರೆ ಪ್ರಯಾಣವೇನೋ ಸುಖವಾಗಿಯೇ ಸಾಗುತ್ತದೆ. ಆದರೆ ಈ ಜಾತಿಯ ವಿಮಾನದಲ್ಲಿ ನೀಲಿಯನ್ನು ಕೊನೆಯವರೆಗೆ ಎಳೆದರೆ ಫೆದರ್: ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಂತುಬಿಡುತ್ತವೆ. ಕೆಟ್ಟ ಎಂಜಿನ್ನಿನ ಪ್ರೊಪೆಲರ್ ಗಾಳಿಗೆ ಅಡ್ಡವಾಗಿ ವಿಮಾನವನ್ನು ಎಳೆಯದಿರಲಿ ಎಂದೇ ಈ ಏರ್ಪಾಡು. ಒಂದೇ ಹಿಡಿಗೆ ಕಟ್ಟಿದವರು ಸತ್ತ ಎಂಜಿನ್ನಿಗೆ ಫೆದರ್ ಕೊಡಲು ಹೋದರೆ ಬದುಕಿರುವುದಕ್ಕೂ ಅದೇ ಗತಿ. ನಿಜವಾದ ವಿಮಾನದ ಹಿಡಿಯಲ್ಲಿ ಫೆದರ್ ಆರಂಭವಾಗುವಲ್ಲಿ ಕೈಗೆ ತಡೆಯೊಂದು ತಿಳಿಯುತ್ತದೆ. ಅಂಥ ತಡೆಯಿಲ್ಲದ ಪ್ಲಾಸ್ಟಿಕ್ ಹಿಡಿಯಾದರೋ ಜಾರುತ್ತ ಹೋಗಿಬಿಡುತ್ತದೆ.

ಹಾಗಾಗಿ ಬ್ಯಾರನ್ ಹಾರಿಸುವವರಿಗೆ ಎರಡು ಪೆಟ್ಟಿಗೆ ಬೇಕೇ ಬೇಕು. ಎರಡನೆಯದು ಯಾಕೆ ಎಂದು ಮನೆಯಲ್ಲಿ ಕೇಳಿದರೆ, ‘ಬಲಗಡೆ ಎಂಜಿನ್ ಕೆಟ್ಟರೆ ಏನು ಮಾಡೋದು?’ ಅಂದು ನೋಡಿ.