ಕೃಷ್ಣಗಿರಿಯಲ್ಲಿ ಒಂದು ರವಿವಾರ

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಊರಿನಿಂದ ಹಿರಿಯರು ಬಂದರೆಂದರೆ ಎರಡು ಚಿಂತೆ. ಅವರಿಗೆ ಇಲ್ಲಿ ಏನನ್ನು ತೋರಿಸಬೇಕು ಎಂಬುದು ಒಂದು. ಅವರು ನಮ್ಮನ್ನು ಏನು ಕೇಳಲು ಬಂದಿದ್ದಾರೆ ಎಂಬುದು ಇನ್ನೊಂದು. ಈ ಸಲ ತೊಗರಿಯ ರಾಶಿ ಮುಗಿಸಿಕೊಂಡು ನಮ್ಮ ತಂದೆಯವರು ಮಹಾಪೆಗೆ ಬಂದಾಗ ಎರಡನೆಯ ಚಿಂತೆಯೇ ನನಗೆ ದೊಡ್ಡದಾಗಿತ್ತು.

ನಮ್ಮದು ಸೇಡಂ ತಾಲೂಕು, ಕಾಗಿಣಾ ಹೊಳೆಯ ದಂಡೆಯ ಒಂದು ಹಳ್ಳಿ. ಅಲ್ಲಿ ನಾಲ್ಕು ಎಕರೆ ಹೊಲವಿದೆ. ಅದನ್ನು ಕೊಳ್ಳಲು ಯಾರೋ ಒಬ್ಬರು ಮುಂದೆ ಬಂದಿದ್ದರು. ತಂದೆಯವರಿಗೆ ಎಪ್ಪತ್ತು ದಾಟಿದೆ. ನಾನೋ, ಹನ್ನೆರಡು ವರ್ಷಗಳಿಂದ ಇಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಫೈಲು ಕಟ್ಟುವುದು, ಫೈಲು ಬಿಚ್ಚುವುದು, ಇಷ್ಟರಲ್ಲೇ ಇದ್ದೇನೆ. ಮಹಾಪೆಯ ಹಳೆಯ ಊರಿನ ಭಾಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹೊಲ ಮಾರಿದರೆ ಘಣಸೋಲಿಯ ಕಡೆ ಒಂದು ಚಿಕ್ಕ ಮನೆಗೆ ಮುಂಗಡವಾದೀತು ಎಂಬುದು ನಮ್ಮ ಮನೆಯವಳ ಲೆಕ್ಕ. ಆ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ನನಗಿರಲಿಲ್ಲ; ಸರಿಯೆಂದು ಹೇಳಲು ಮನಸ್ಸೂ ಬರುತ್ತಿರಲಿಲ್ಲ.

“ಒಂದು ಮಾತು ಹೇಳಿಬಿಡಪಾ. ನಾ ಇರೋತನಕ ನೋಡ್ಕೋತೀನಿ. ಮುಂದ ಯಾರು? ನೀ ಅಂತೂ ಊರಿಗೆ ಬರಾಂವ ಅಲ್ಲ, ಇಲ್ಲಿಯಾಂವನೂ ಆದಂಗ ಕಾಣಂಗಿಲ್ಲ” ಎಂದರು ತಂದೆಯವರು, ಬಂದ ಮೂರನೆಯ ದಿನ ರಾತ್ರಿ ಊಟಕ್ಕೆ ಕೂತಾಗ.

ಉತ್ತರ ತೋಚದಿದ್ದಾಗ ಗುಮಾಸ್ತನು ಮಾಡುವುದನ್ನೇ ನಾನೂ ಮಾಡಿದೆ. ವಿಷಯವನ್ನು ಮುಂದಕ್ಕೆ ಹಾಕಿದೆ. “ರವಿವಾರ ಎಲ್ಲಾರೂ ಕಾನ್ಹೇರಿಗೆ ಹೋಗಿಬರೂಣು, ಅಪ್ಪಾ. ಅಲ್ಲಿ ನಮ್ಮ ಮಳಖೇಡದ ರಾಜನ ಹೆಸರು ಅದ” ಎಂದೆ.

“ಮಳಖೇಡದ ರಾಜಾ? ಈ ಮುಂಬೈದಾಗ?” ಎಂದು ಅವರು ತುತ್ತು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

ರವಿವಾರ ನಸುಕಿನಲ್ಲೇ ಎದ್ದು, ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೊರಟೆವು. ಘಣಸೋಲಿಯಿಂದ ಠಾಣೆಗೆ ರೈಲು. ಠಾಣೆಯಿಂದ ಘೋಡಬಂದರ ರಸ್ತೆ ಹಿಡಿದು ಬೊರಿವಲಿಗೆ ಬಸ್ಸು. ರೈಲಿನಿಂದ ದಾದರಿಗೆ ಹೋಗಿ ಬದಲಿಸಿ ಬರಬಹುದಾದರೂ ವಯಸ್ಸಾದವರನ್ನು ಆ ಸೇತುವೆಗಳ ಮೇಲೆ ಹತ್ತಿಸಿ ಇಳಿಸುವುದಕ್ಕಿಂತ ಬಸ್ಸೇ ಮೇಲು. ಅದೂ ಅಲ್ಲದೆ ಈ ದಾರಿಯಲ್ಲಿ ಒಂದು ಸೊಗಸಿದೆ. ಎಡಗಡೆಗೆ ಒಂದು ಹಸಿರು ಬೆಟ್ಟದ ಸಾಲು ನಮ್ಮ ಜೊತೆಗೇ ಬರುತ್ತದೆ. ಠಾಣೆಯವರು ಯೇವೂರಿನ ಗುಡ್ಡವೆಂದು ದಿನವೂ ನೋಡುವುದು ಈ ಸಾಲಿನ ಮೂಡಣ ಬೆನ್ನು. ನಾವು ಹೊರಟದ್ದು ಅದೇ ಬೆಟ್ಟದ ಪಡುವಣ ಮಗ್ಗುಲಿಗೆ. ಬಸ್ಸು ಅದನ್ನು ಪ್ರದಕ್ಷಿಣೆ ಹಾಕಿದ ಹಾಗೆ ಬಳಸಿಕೊಂಡು ಬೊರಿವಲಿ ಸೇರುತ್ತದೆ.

ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಗುಹೆಗಳಿಗೆ ಕಾಡಿನೊಳಗೆ ಆರೇಳು ಕಿಲೋಮೀಟರು. ಉದ್ಯಾನದ ಬಸ್ಸಿನಲ್ಲಿ ಹೋಗಿ ಇಳಿದಾಗ ಇನ್ನೂ ಬಿಸಿಲೇರಿರಲಿಲ್ಲ. ಕೋಟಿಗಟ್ಟಲೆ ಜನರ ಪಟ್ಟಣದ ಹೊಟ್ಟೆಯೊಳಗೆ ಇಂಥದೊಂದು ನಿಶ್ಶಬ್ದವಿದೆ ಎಂದರೆ ನಂಬುವುದು ಕಷ್ಟ.

ಕಾನ್ಹೇರಿ ಎಂಬುದು ಕೃಷ್ಣಗಿರಿ ಎಂಬ ಹಳೆಯ ಹೆಸರಿನ ತದ್ಭವ. ಕಪ್ಪು ಕಲ್ಲಿನ ಬೆಟ್ಟ, ಹೆಸರು ತಕ್ಕದ್ದೇ. ಸುಮಾರು ಕ್ರಿಸ್ತಶಕದ ಮೊದಲ ಶತಮಾನದಿಂದ ಸಾವಿರ ವರ್ಷಗಳ ಕಾಲ ಬೌದ್ಧ ಭಿಕ್ಷುಗಳು ಇಲ್ಲಿ ಬಾಳಿದರು. ನೂರಕ್ಕೂ ಮಿಕ್ಕಿ ಗುಹೆಗಳಿವೆ. ಅಜಂತೆ, ಎಲ್ಲೋರಗಳನ್ನು ಶಿಲ್ಪಕ್ಕಾಗಿ ನೋಡಬೇಕು. ಕಾನ್ಹೇರಿಯನ್ನು ಒಂದು ಮಠದ ದಿನಚರಿಗಾಗಿ ನೋಡಬೇಕು. ಮೂರನೆಯ ಗುಹೆ ದೊಡ್ಡ ಚೈತ್ಯ. ಸಾತವಾಹನ ಅರಸು ಯಜ್ಞಶ್ರೀ ಸಾತಕರ್ಣಿಯ ಕಾಲದಲ್ಲಿ ಇಬ್ಬರು ವರ್ತಕ ಸಹೋದರರು ಮಾಡಿಸಿದ್ದು. ಮೊಗಸಾಲೆಯ ಎರಡು ಪಕ್ಕಗಳಲ್ಲಿ, ಆಮೇಲಿನ ಕಾಲದಲ್ಲಿ ಕೊರೆದ, ಇಪ್ಪತ್ತು ಅಡಿಗೂ ಮೀರಿದ ಬುದ್ಧಮೂರ್ತಿಗಳು ನಿಂತಿವೆ. ತಂದೆಯವರು ಚಪ್ಪಲಿ ಕಳಚಿಟ್ಟು ಎರಡಕ್ಕೂ ಕೈಮುಗಿದರು.

ಉಳಿದವು ಬಹುಮಟ್ಟಿಗೆ ಭಿಕ್ಷುಗಳ ವಾಸದ ವಿಹಾರಗಳು. ಒಂದನ್ನು ನೋಡಿದರೆ ಎಲ್ಲದರ ಮಾದರಿ ತಿಳಿಯುತ್ತದೆ: ಮುಂದೆ ಒಂದು ಪುಟ್ಟ ಅಂಗಳ, ನಾಲ್ಕು ಮೆಟ್ಟಿಲು, ಕಂಬದ ಪಡಸಾಲೆ, ಕೂಡಲು ಕಲ್ಲಿನ ಕಟ್ಟೆ, ಒಳಗೆ ಮಲಗಲು ಒಂದು ಕೋಣೆ, ಅಂಗಳದ ಮಗ್ಗುಲಲ್ಲಿ ನೀರಿನ ತೊಟ್ಟಿ. ಯೂರೋಪಿನ ಹಳೆಯ ಕ್ರೈಸ್ತ ಮಠಗಳಲ್ಲಿ ನಾಲ್ಕು ಮೊಗಸಾಲೆಗಳ ನಡುವೆ ಹೂದೋಟವೂ ಬಾವಿಯೂ ಇರುತ್ತವೆಂದು ಓದಿದ್ದೇನೆ. ಇಲ್ಲಿ ತೋಟಕ್ಕೆ ಗೋಡೆಯಿಲ್ಲ. ಕಟ್ಟೆಯ ಮೇಲೆ ಕೂತರೆ ಎದುರಿಗೆ ಕಣ್ಣು ಹಾಯುವಷ್ಟು ಕಾಡೇ ತೋಟ. ಮಾಘ ಮಾಸದ ಕಾಡು ಅರ್ಧ ಎಲೆಯುದುರಿಸಿ, ಅರ್ಧ ಚಿಗುರಲು ಕಾದಿತ್ತು.

ನಮ್ಮ ಹುಡುಗನು ಹತ್ತು ವರ್ಷದವನು. ಅವನಿಗೆ ಮೂರ್ತಿಗಳಿಗಿಂತ ತೊಟ್ಟಿಗಳ ಮೇಲೆ ಮೋಹ ಹುಟ್ಟಿತು. “ಮುತ್ಯಾ, ಇಲ್ಲೊಂದು ಅದ! ಮುತ್ಯಾ, ಇದರಾಗೂ ನೀರು!” ಎಂದು ಎಣಿಸುತ್ತ ಓಡಿದ. ಹಿಂದೆ ಹೋದ ಮುತ್ಯಾ ಒಂದು ಕಡೆ ನಿಂತವರು ಕದಲಲೇ ಇಲ್ಲ. ಬೆಟ್ಟದ ಮೈಮೇಲೆ ಬೆರಳಗಲದ ಕಾಲುವೆಗಳನ್ನು ಕೊರೆದು, ಮೇಲೆ ಬಿದ್ದ ಮಳೆನೀರು ಹರಿದು ಬಂದು ತೊಟ್ಟಿಯೊಳಗೆ ಬೀಳುವಂತೆ ಮಾಡಿದ್ದಾರೆ. ಬೇಸಾಯಗಾರನ ಕಣ್ಣು ನೋಡಿ! ನನಗೆ ಕಲ್ಲಿನ ಗೀರುಗಳಾಗಿ ಕಂಡದ್ದು ಅವರಿಗೆ ನೀರಿನ ದಾರಿಯಾಗಿ ಕಂಡಿತು.

“ನಾಕು ತಿಂಗಳ ಮಳಿ ಹಿಡದು ಎಂಟು ತಿಂಗಳ ಕುಡದಾರ. ಮದಲ ನೀರಿಂದು ನೋಡ್ಕೊಂಡಾರ, ಆಮ್ಯಾಲ ಧ್ಯಾನ” ಎಂದರು.

ಅವರ ಮಾತು ಎಷ್ಟು ದೂರ ಹೋಗುತ್ತದೆಂದು ನಾನು ಆಮೇಲೆ ಯೋಚಿಸಿದೆ. ಮುಂಬಯಿ ಪಟ್ಟಣಕ್ಕೆ ಮೊಟ್ಟಮೊದಲು ಕೊಳವೆಯಲ್ಲಿ ನೀರು ಕೊಟ್ಟ ವಿಹಾರ ಕೆರೆ 1860ರಲ್ಲಿ, ಅದರ ನೆರೆಯ ತುಳಸಿ ಕೆರೆ 1879ರಲ್ಲಿ, ಇದೇ ಬೆಟ್ಟಗಳ ಮಡಿಲಲ್ಲಿ ಕಟ್ಟಿದವು. ಭಿಕ್ಷುಗಳು ತೊಟ್ಟಿಯಲ್ಲಿ ಹಿಡಿದ ಮಳೆಯನ್ನೇ ಇಂಜಿನಿಯರರು ಕೆರೆಯಲ್ಲಿ ಹಿಡಿದರು.

ಹನ್ನೊಂದನೆಯ ಗುಹೆಗೆ ದರ್ಬಾರ್ ಎಂದು ಹೆಸರು. ನೆಲದ ಮೇಲೆ ಉದ್ದಕ್ಕೆ ಎರಡು ತಗ್ಗಾದ ಕಲ್ಲಿನ ಹಲಗೆಗಳು. ಭಿಕ್ಷುಗಳು ಸಾಲಾಗಿ ಕೂಡುತ್ತಿದ್ದ ಸಭಾಗೃಹ. ಮಳಖೇಡದ ವಿಷಯವನ್ನು ಹೇಳಲು ಇದೇ ತಕ್ಕ ಸ್ಥಳವೆಂದು ತಂದೆಯವರನ್ನು ಕೂಡಿಸಿ ಹೇಳಿದೆ. ಕಾನ್ಹೇರಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಮೂರು ಶಾಸನಗಳಿವೆ; ಶಕ ವರ್ಷ 765, 775 ಮತ್ತು 799, ಅಂದರೆ ಕ್ರಿ.ಶ. 843, 853 ಮತ್ತು 877ರ ಸುಮಾರು. ಮಾನ್ಯಖೇಟ, ಅಂದರೆ ನಮ್ಮ ಮಳಖೇಡ, ಅವನ ರಾಜಧಾನಿ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಅವನ ಕೈಕೆಳಗೆ ಈ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಮುಂದೆ 1060ರಲ್ಲಿ ನಮ್ಮ ಅಂಬರನಾಥದ ಶಿವಾಲಯ ಆದದ್ದೂ ಅದೇ ಮನೆತನದವರ ಕಾಲದಲ್ಲಿ. ಅರಸನಿಗೆ ಜೈನಧರ್ಮದಲ್ಲಿ ಒಲವು, ಮಾಂಡಲಿಕರು ಶಿವಭಕ್ತರು, ದಾನ ಸಂದದ್ದು ಬೌದ್ಧ ವಿಹಾರಕ್ಕೆ!

“ಮುತ್ಯಾ, ಆ ರಾಜಾ ನಿಮ್ಮ ಊರಾಂವಾ?” ಎಂದ ಹುಡುಗ.

“ಹೂಂ. ನಮ್ಮೂರಿಂದ ಹೊಳಿ ದಂಡಿ ಹಿಡದು ನಡದ್ರ ಎರಡು ಹರದಾರಿ” ಎಂದರು ಮುತ್ಯಾ, ನೆರೆಯವನೊಬ್ಬನ ಮನೆಯ ಗುರುತು ಹೇಳುವಂತೆ.

ನನಗೂ ಎದೆಯುಬ್ಬಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹನ್ನೆರಡು ವರ್ಷ ಲೋಕಲ್ ರೈಲಿನಲ್ಲಿ ಮೈ ಸಂಕೋಚಿಸಿ ನಿಂತವನಿಗೆ, ಈ ಬೆಟ್ಟದ ಮೇಲೆ ನಮ್ಮವನ ಹೆಸರಿದೆ ಎಂದರೆ ಸ್ವಲ್ಪ ಅಗಲವಾಗಿ ನಿಲ್ಲಬೇಕೆನಿಸುವುದು ಸಹಜ. ಆದರೆ ತಂದೆಯವರು ಮುಂದಿನ ಪ್ರಶ್ನೆ ಕೇಳಿದರು: “ದಾನಾ ಕೊಟ್ಟಾಂವ ರಾಜಾನೇ ಏನು?”

ಅಲ್ಲ, ಅರಸನ ಹೆಸರು ಕಾಲವನ್ನು ತಿಳಿಸಲು ಬಂದಿದೆ. ಭಾಷೆಯೂ ಕನ್ನಡವಲ್ಲ, ಸಂಸ್ಕೃತ. ದಾನಿಗಳಲ್ಲಿ ಅವಿಘ್ನಾಕರನೆಂಬವನು ಬಂಗಾಳದ ಗೌಡದೇಶದಿಂದ ಬಂದವನು. ಭಿಕ್ಷುಗಳಿಗೆ ಧ್ಯಾನದ ಮನೆ ಮಾಡಿಸಿ ನೂರು ದ್ರಮ್ಮಗಳನ್ನು ಇಟ್ಟ. ಇನ್ನೊಂದು ಶಾಸನದಲ್ಲಿ ಬುದ್ಧನ ಪೂಜೆಗೆ ಇಷ್ಟು, ವಿಹಾರದ ದುರಸ್ತಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಗಳಿಗೆ ಇಷ್ಟು ಎಂದು ಬಾಬುವಾರು ವಿಂಗಡಿಸಿದ್ದಾರೆ. ಅದನ್ನು ಓದಿದಾಗ, ಅದನ್ನು ಬರೆದ ಕರಣಿಕನು ನನ್ನ ಸೆಕ್ಷನ್ನಿನವನೇ ಇರಬೇಕೆನಿಸಿತ್ತು.

ಹಳೆಯ ಪ್ರಾಕೃತ ಶಾಸನಗಳಲ್ಲಿ ಇನ್ನೂ ಸಾಮಾನ್ಯ ಜನರಿದ್ದಾರೆ. ಸೋಪಾರದವರು, ನಾಸಿಕದವರು, ಚೌಲದವರು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಲ್ಯಾಣದವರು. ಅಲ್ಲಿಯ ಒಬ್ಬ ಅಕ್ಕಸಾಲಿಗ ತೊಟ್ಟಿ ತೋಡಿಸಿದ. ಒಬ್ಬ ಕಮ್ಮಾರ ದಾರಿ ಕೊರೆಸಿದ. ಕಡೆಗಾಲದಲ್ಲಿ, 1009 ಮತ್ತು 1021ರಲ್ಲಿ, ನೋಡಲು ಬಂದ ಪಾರಸಿಗಳು ತೊಂಬತ್ತನೆಯ ಗುಹೆಯಲ್ಲಿ ತಮ್ಮ ಪಹ್ಲವಿ ಲಿಪಿಯಲ್ಲಿ ಹೆಸರು ಬರೆದು ಹೋದರು. ಹಾಗೆ ನೋಡಿದರೆ ಇಲ್ಲಿ ಪರಸ್ಥಳದವನಲ್ಲದವನು ಯಾರು?

ಕೆಲವರು ಹಣ ಕೊಟ್ಟರೆ ಕೆಲವರು ಹೊಲ ಕೊಟ್ಟರು. ಮಂಗಲಸ್ಥಾನವೆಂಬ ಊರಿನ ಹೊಲದ ಮಾತು ಒಂದು ಶಾಸನದಲ್ಲಿ ಬರುತ್ತದೆ. ಅದೇ ಇಂದಿನ ಮಾಗಾಠಾಣೆ. ಉದ್ಯಾನದ ಬಾಗಿಲಿನಿಂದ ದಕ್ಷಿಣಕ್ಕೆ ಹತ್ತಿರದಲ್ಲೇ ಇದೆ, ಈಗ ಅಲ್ಲಿ ಮೆಟ್ರೋ ನಿಲ್ದಾಣವಿದೆ. ಇಂಥ ದಾನಕ್ಕೆ ಅಕ್ಷಯನೀವಿ ಎಂದು ಹೆಸರು. ನೀವಿ ಎಂದರೆ ಅಸಲು. ಹಣವಾದರೆ ಬಡ್ಡಿಯನ್ನೂ ಹೊಲವಾದರೆ ಬೆಳೆಯನ್ನೂ ಮಾತ್ರ ಬಳಸಬೇಕು; ಅಸಲನ್ನು ಯಾರೂ ಎಂದಿಗೂ ಮುಟ್ಟಕೂಡದು.

ನಾನು ಪಾಠ ಹೇಳುವ ಹುರುಪಿನಲ್ಲಿ ಇದನ್ನು ಹೇಳಿಬಿಟ್ಟೆ. ಹೇಳಿದ ಮೇಲೆ ಮಾತು ಎಲ್ಲಿಗೆ ಬಂದು ನಿಂತಿತೆಂದು ತಿಳಿಯಿತು. ತಂದೆಯವರು ಏನೂ ಅನ್ನಲಿಲ್ಲ. ಕಲ್ಲಿನ ಹಲಗೆಯನ್ನು ಅಂಗೈಯಿಂದ ಸವರುತ್ತ ಕೂತಿದ್ದರು. ಮಾತಾಡಿದವಳು ನಮ್ಮ ಮನೆಯವಳು. “ಹೊಲಾ ಇರಲಿ ಬಿಡ್ರಿ, ಮಾವಾ. ಬಾಡಗಿ ಮನ್ಯಾಗ ಇಷ್ಟ ವರ್ಷ ಕಳದೀವಿ, ಇನ್ನೊಂದಿಷ್ಟ ವರ್ಷ ಏನಾಗತದ” ಎಂದಳು. ಇಷ್ಟು ಹೇಳಲು ಅವಳು ಎಷ್ಟನ್ನು ಬಿಟ್ಟುಕೊಟ್ಟಳೆಂಬುದನ್ನು ಬಾಡಿಗೆ ಮನೆಯಲ್ಲಿರುವ ಓದುಗರು ಬಲ್ಲರು.

“ಹಂಗಾದ್ರ ಪಾಲಿಗೆ ಹಚ್ಚತೀನಿ. ಬೆಳಿ ಬಂದಷ್ಟು ಬರಲಿ” ಎಂದರು ತಂದೆಯವರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ, “ರಾಜನ ಹೆಸರು ಮ್ಯಾಲ ಬರದಾರ, ಖರೆ. ಆದ್ರ ಬಾಯಾರಿದಾವರು ನೆನಸೋದು ಆ ಅಕ್ಕಸಾಲಿಗನ್ನ. ನೀ ಇಲ್ಲಿ ಬಂದು ಹನ್ನೆರಡು ವರ್ಷಾತು. ಯಾರಿಗರೆ ಒಂದು ತಂಬಿಗಿ ನೀರು ಕೊಟ್ಟೀ?” ಎಂದರು.

ನಾನು ನೆನಪು ಮಾಡಿಕೊಂಡು ನೋಡಿದೆ. ಹೇಳಿಕೊಳ್ಳುವಂಥದೇನೂ ಸಿಗಲಿಲ್ಲ.

ಇಳಿಯುವಾಗ ಒಂದು ಮಂಗ ನಮ್ಮ ಹುಡುಗನ ಕೈಯಿಂದ ಶೇಂಗಾ ಉಂಡಿ ಕಸಿದುಕೊಂಡು ಓಡಿತು. “ಅದಕ್ಕರೆ ದಾನಾ ಆತು” ಎಂದು ಮುತ್ಯಾ ನಕ್ಕರು. ಹೋಗಬೇಕೆನ್ನುವವರಿಗೆ ಎರಡು ಮಾತು: ಸೋಮವಾರ ಹೋಗಬೇಡಿ, ಬಾಗಿಲು ಮುಚ್ಚಿರುತ್ತದೆ. ಬೆಳಿಗ್ಗೆ ಬೇಗ ಹೊರಡಿ. ಕುಡಿಯುವ ನೀರು ನಿಮ್ಮ ಜೊತೆಗಿರಲಿ. ತಿಂಡಿಯ ಚೀಲ ಮಂಗಗಳ ಕಣ್ಣಿಗೆ ಬೀಳದಿರಲಿ. ಮಳೆಗಾಲದಲ್ಲಿ ಬೆಟ್ಟ ಚೆಲುವು ಹೌದು. ಆದರೆ ಮೆಟ್ಟಿಲು ಜಾರುತ್ತವೆ, ಹಿರಿಯರನ್ನು ಕೈಹಿಡಿದು ಹತ್ತಿಸಬೇಕು.

ಮುಂದಿನ ವಾರ ಅವರನ್ನು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹತ್ತಿಸಲು ಕಲ್ಯಾಣಕ್ಕೆ ಹೋಗಿದ್ದೆ. ಫಲಕದ ಮೇಲಿನ ಹೆಸರನ್ನು ಓದಿ, “ಆ ಅಕ್ಕಸಾಲಿಗನ ಊರು ಇದೇ ಏನು?” ಎಂದರು. ಹೌದೆಂದೆ. ರೈಲು ಬರುವವರೆಗೆ ಹೋಗಿಬರುವ ಜನರನ್ನು ನೋಡುತ್ತ ನಿಂತಿದ್ದರು.

ಯುಗಾದಿಯ ದಿನ ನಮ್ಮ ಓಣಿಯ ತಿರುವಿನಲ್ಲಿ, ಮನೆಯ ಮಾಲಕರ ಅನುಮತಿ ಕೇಳಿ, ಮರದ ನೆರಳಿನಲ್ಲಿ ಎರಡು ಹರವಿಗಳನ್ನಿಟ್ಟೆವು. ನಮ್ಮ ಕಡೆ ಇದಕ್ಕೆ ಅರವಟ್ಟಿಗೆ ಎನ್ನುತ್ತಾರೆ. ಕಾರಖಾನೆಗಳಿಗೆ ನಡೆದು ಹೋಗುವವರು, ರಿಕ್ಷಾದವರು, ಪಾರ್ಸೆಲ್ ಹಂಚುವ ಹುಡುಗರು ಕುಡಿಯುತ್ತಾರೆ. ಬೆಳಿಗ್ಗೆ ಹುಡುಗನೂ ನಾನೂ ತುಂಬುತ್ತೇವೆ, ಸಂಜೆಗೆ ಬರಿದಾಗಿರುತ್ತವೆ. ಎದುರು ಮನೆಯ ಆಗರಿ ಅಜ್ಜಿಯೊಬ್ಬರು, ಹನ್ನೆರಡು ವರ್ಷ ನನ್ನೊಡನೆ ಮಾತಾಡದಿದ್ದವರು, ನಾನು ಕಚೇರಿಗೆ ಹೋದ ಮೇಲೆ ಮಧ್ಯಾಹ್ನ ಇನ್ನೊಮ್ಮೆ ತುಂಬಿಡುತ್ತಾರೆಂದು ಮೊನ್ನೆ ತಿಳಿಯಿತು. ತಂದೆಯವರಿಗೆ ಫೋನಿನಲ್ಲಿ ಅದನ್ನು ಹೇಳಿದೆ.

“ಹರವಿ ಬಾಯಿಗೆ ಅರಬಿ ಕಟ್ಟೀರಿಲ್ಲೋ?” ಎಂದು ಕೇಳಿದರು.