ಬಾವಿಗೆ ಬಂದ ಮಿಂಚುಳ್ಳಿ

ನಮ್ಮ ವಿಜಯಪುರದವರಿಗೆ ಬಾವಿಯೆಂದರೆ ಬಲು ಅಭಿಮಾನ. ನೀರು ಸೇದುವುದನ್ನು ಬಿಟ್ಟ ಮೇಲಂತೂ ಅದು ಇಮ್ಮಡಿಸಿದೆ. ಊರಿಗೆ ಬಂದ ನೆಂಟರನ್ನು ಗೋಲಗುಮ್ಮಟದ ಮೇಲೆ ಹತ್ತಿಸಿ, ಕೂಗಿಸಿ, ಇಳಿಸಿದೆವೆಂದರೆ ಮುಂದಿನ ಮಜಲು ತಾಜ್ ಬಾವಡಿ. 1620ರ ಸುಮಾರಿಗೆ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ಕಟ್ಟಿದ್ದು. ಆ ದೊಡ್ಡ ಕಮಾನಿನ ಕೆಳಗೆ ನಿಂತು ಈ ಚರಿತ್ರೆಯನ್ನು ನಾನೂ ಎಷ್ಟೋ ಸಲ ಒಪ್ಪಿಸಿದ್ದೇನೆ. ಒಂದು ಸಂಗತಿಯನ್ನು ಮಾತ್ರ ಯಾವ ನೆಂಟರಿಗೂ ಹೇಳಿರಲಿಲ್ಲ: ಆ ಬಾವಿಯನ್ನು ಕೆಡಿಸಿದವರಲ್ಲಿ ನಾನೂ ಒಬ್ಬ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ ನಮ್ಮದು. ಹುಡುಗನಾಗಿದ್ದಾಗ ಪ್ರತಿ ವರ್ಷವೂ ಗಣಪತಿಯನ್ನು ಹೊತ್ತು, ಜಯಕಾರ ಹಾಕುತ್ತ, ಆ ಬಾವಡಿಯಲ್ಲಿಯೇ ಬಿಟ್ಟು ಬರುತ್ತಿದ್ದೆವು. ಕಾಲ ಕಳೆದಂತೆ ಮಣ್ಣಿನ ಗಣಪ ಹೋಗಿ ಪ್ಲಾಸ್ಟರಿನ ಗಣಪ ಬಂದ. ಮಣ್ಣು ನೀರಿನಲ್ಲಿ ಕರಗುತ್ತದೆ. ಪ್ಲಾಸ್ಟರು ಅಷ್ಟು ವಿನಯಶೀಲವಲ್ಲ. ಅದು ತಳದಲ್ಲಿ ಗಟ್ಟಿಯಾಗಿ ಕುಳಿತಿತು, ಬಣ್ಣ ನೀರಿಗಿಳಿಯಿತು, ಹೂಮಾಲೆಗಳು ಕೊಳೆತು ನೀರಿನ ಪ್ರಾಣವಾಯುವನ್ನೇ ತಿಂದುಹಾಕಿದವು. ಮೀನು ಸತ್ತ ಮೇಲೆ ಮೀನು ಹಿಡಿಯುವ ಹಕ್ಕಿಗೆ ಅಲ್ಲೇನು ಕೆಲಸ?

2017ರ ಸುಮಾರಿಗೆ ಊರಿನ ಹಳೆಯ ಬಾವಡಿಗಳ ಹೂಳೆತ್ತುವ ಕೆಲಸ ನಡೆದಾಗ ನೋಡಲು ಹೋಗಿದ್ದೆ. ಕೆಸರಿನ ನಡುವೆ ಒಂದು ಕೈ, ಒಂದು ಕಿರೀಟ, ಮುರಿದ ಸೊಂಡಿಲು. ಇವುಗಳಲ್ಲಿ ನಮ್ಮ ಮನೆಯದು ಯಾವುದೋ! ದಿನಕ್ಕೆ ನಾಲ್ಕು ತಾಸು ಪಾಠ ಹೇಳುವವನಿಗೆ ಅಂದು ಮಾತೇ ಹೊರಡಲಿಲ್ಲ.

ಆ ವರ್ಷ ಮಣ್ಣಿನ ಗಣಪನನ್ನು ತಂದು, ಅಂಗಳದಲ್ಲಿಯೇ ಬಕೆಟ್ಟಿನ ನೀರಿನಲ್ಲಿ ಬಿಡುವುದೆಂದು ಮನೆಯಲ್ಲಿ ಸಾರಿದೆ. ಅವ್ವ ಸಿಡಿದೆದ್ದಳು:

“ಬಕೀಟಿನ್ಯಾಗ ದೇವರನ್ನ ಅದ್ದೂದಂದ್ರ ಏನೋ ತಮ್ಮಾ? ಅರಿವಿ ಒಗಿಯೂದೈತೇನು?”

ನನ್ನ ಎಂ.ಎ. ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವ್ವ ಎರಡು ದಿನ ಮಾತು ಬಿಟ್ಟಳು. ಬಕೆಟ್ಟಿನ ಮಣ್ಣುನೀರನ್ನು ಬೇವಿನ ಸಸಿಯ ಬುಡಕ್ಕೆ ನಾನೊಬ್ಬನೇ ಹೊಯ್ದೆ.

ಬೆಂಗಳೂರಿನ ಕೈಕೊಂಡ್ರಹಳ್ಳಿ ಕೆರೆಯನ್ನು 2009ರಿಂದೀಚೆಗೆ ಸುತ್ತಲಿನ ನಿವಾಸಿಗಳು ಮಹಾನಗರಪಾಲಿಕೆಯೊಡನೆ ಕೈಗೂಡಿಸಿ ಉಳಿಸಿಕೊಂಡರು. ಹಕ್ಕಿಗಳು ಮರಳಿ ಬಂದವು. ಅಲ್ಲಿಯೂ ಹಕ್ಕಿಯನ್ನು ಯಾರೂ ಕರೆಯಲು ಹೋಗಲಿಲ್ಲ. ಹೊಲಸನ್ನು ತಡೆದರು. ಬಿಡುವುದನ್ನು ನಾವು ಬಿಟ್ಟರೆ ಬರುವುದು ತಾನೇ ಬರುತ್ತದೆ. ಆದರೆ ಬಿಡುವುದೇ ಕಷ್ಟ; ಏಕೆಂದರೆ ನಾವು ಬಿಡಬೇಕಾದದ್ದು ಬರಿಯ ಕಸವಲ್ಲ, ಅವ್ವನ ಕಣ್ಣಿನಲ್ಲಿ ಅದು ಭಕ್ತಿ.

ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವ್ವನನ್ನು ಬಾವಡಿಗೆ ಕರೆದೊಯ್ದೆ. ನಾನೇನೂ ಹೇಳಲಿಲ್ಲ. ಕಮಾನಿನ ಅಂಚಿನಿಂದ ನೀಲಿಯ ಮಿಂಚೊಂದು ಎರಗಿ, ನೀರನ್ನು ಸೀಳಿ, ಕೊಕ್ಕಿನಲ್ಲಿ ಮೀನು ಹಿಡಿದು ಮೇಲಕ್ಕೆದ್ದಿತು. ಅವ್ವ ಬಹಳ ಹೊತ್ತು ನೀರನ್ನೇ ನೋಡುತ್ತ ಕುಳಿತಳು. ಮನೆಯವರೆಗೂ ಮಾತಿಲ್ಲ.

ಮುಂದಿನ ಭಾದ್ರಪದದಲ್ಲಿ, ಚವತಿಯ ಹಿಂದಿನ ಸಂಜೆ, ಸಂತೆಗೆ ಹೊರಟವನನ್ನು ಬಾಗಿಲಲ್ಲಿ ತಡೆದು ಆಕೆ ಹೇಳಿದ್ದು ಇಷ್ಟೆ:

“ಹೊಸಾ ಬಕೀಟ ತೊಗೊಂಡು ಬಾ. ಹಳೀದ್ರಾಗ ನಾ ಬಿಡಗೊಡಂಗಿಲ್ಲ.”